ಕೆಣಕಿದರೆ 15 ಗಜ

2012ರ ಸೆಪ್ಟೆಂಬರ್ 27ರ ರಾತ್ರಿ ಬಾಲ್ಟಿಮೋರ್‌ನ ಕ್ರೀಡಾಂಗಣದಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಟ ಇನ್ನೂ ಶುರುವಾಗಿರಲಿಲ್ಲ. ಚಪ್ಪಾಳೆ ಸಿಕ್ಕಿದ್ದು ಕಪ್ಪು ಬಿಳಿ ಪಟ್ಟೆಯಂಗಿ ತೊಟ್ಟು ಮೈದಾನಕ್ಕಿಳಿದ ಜೀನ್ ಸ್ಟೆರಟೋರ್ ಮತ್ತು ಅವರ ಸಂಗಡಿಗ ರೆಫರಿಗಳಿಗೆ. ಬೈಗುಳವೇ ದಿನಗೂಲಿ ಎಂಬಂತೆ ಬದುಕುವ ಜನಕ್ಕೆ ಇಂಥ ಸ್ವಾಗತ ಸಿಕ್ಕಿದ್ದೇ ಒಂದು ಸುದ್ದಿಯಾಯಿತು.

ಹಿನ್ನೆಲೆ ಇಷ್ಟು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ನಡೆಸುವ ಎನ್‌ಎಫ್‌ಎಲ್, ಪಿಂಚಣಿ ಮತ್ತು ಸಂಬಳದ ಜಗಳದಲ್ಲಿ ತನ್ನ ರೆಫರಿಗಳನ್ನು ಹೊರಗಿಟ್ಟು ಬಾಗಿಲು ಹಾಕಿಕೊಂಡಿತ್ತು. ಸಣ್ಣಪುಟ್ಟ ಕಾಲೇಜು, ಹೈಸ್ಕೂಲು ಪಂದ್ಯಗಳಲ್ಲಿ ಸೀಟಿ ಊದುತ್ತಿದ್ದವರನ್ನು ಅವರ ಜಾಗಕ್ಕೆ ತಂದು ನಿಲ್ಲಿಸಿತ್ತು. ಮೂರನೇ ವಾರದ ಸೋಮವಾರ ರಾತ್ರಿ ಸಿಯಾಟಲ್‌ನಲ್ಲಿ ಗ್ರೀನ್ ಬೇ ಪ್ಯಾಕರ್ಸ್ ವಿರುದ್ಧ ಪಂದ್ಯದ ಕಟ್ಟಕಡೆಯ ಎಸೆತ. ಸಿಯಾಟಲ್‌ನ ಗೋಲ್ಡನ್ ಟೇಟ್, ಪ್ಯಾಕರ್ಸ್‌ನ ಎಂ.ಡಿ. ಜೆನ್ನಿಂಗ್ಸ್ ಇಬ್ಬರೂ ಚೆಂಡನ್ನು ತಬ್ಬಿಕೊಂಡು ನೆಲಕ್ಕುರುಳಿದರು. ಪಕ್ಕದಲ್ಲೇ ನಿಂತಿದ್ದ ಇಬ್ಬರು ರೆಫರಿಗಳಲ್ಲಿ ಒಬ್ಬ ಎರಡೂ ಕೈ ನೇರ ಮೇಲೆತ್ತಿ ಟಚ್‌ಡೌನ್ (ಚೆಂಡು ಎದುರಾಳಿಯ ಗೋಲ್ ಗೆರೆ ದಾಟಿದ್ದಕ್ಕೆ ಸಿಗುವ ಅಂಕ) ಅಂದ; ಇನ್ನೊಬ್ಬ ಕೈ ಬೀಸಿ ಬೇರೆಯದೇ ಸನ್ನೆ ಮಾಡಿದ. ಸಿಯಾಟಲ್ 14–12ರಿಂದ ಗೆದ್ದಿತು. ಇಬ್ಬರೂ ಅಕ್ಕಪಕ್ಕ ನಿಂತು ಎರಡು ಬಗೆಯ ತೀರ್ಪು ಕೊಡುತ್ತಿರುವ ಫೋಟೊ ಮರುದಿನ ದೇಶವೆಲ್ಲ ಸುತ್ತಿತು. ಎರಡೇ ದಿನದಲ್ಲಿ ಲೀಗ್ ರಾಜಿಗೆ ಬಂತು. ಹಳಬರು ಮರಳಿದರು, ಬಾಲ್ಟಿಮೋರ್ ಎದ್ದು ನಿಂತಿತು.

ಆ ಮರ್ಯಾದೆ ಒಂದೆರಡು ವಾರಕ್ಕಿಂತ ಹೆಚ್ಚು ಬಾಳಲಿಲ್ಲ ಅನ್ನುವುದನ್ನು ಬೇರೆ ಹೇಳಬೇಕಿಲ್ಲ. ಆದರೆ ಅದು ಹಾಳಾದ ರೀತಿಯಲ್ಲಿ ರೆಫರಿಗಳ ಕಣ್ಣಿನ ತಪ್ಪಿಗಿಂತ ಲೀಗ್ ಅವರ ತಲೆಗೆ ಕಟ್ಟಿದ ಕೆಲಸದ ಪಾಲೇ ದೊಡ್ಡದು ಎಂಬುದು ನನ್ನ ಎಣಿಕೆ. ಕಾಲು ಗೆರೆ ತುಳಿಯಿತೇ, ಚೆಂಡು ನೆಲ ಮುಟ್ಟಿತೇ ಎಂದು ನೋಡುವುದು ಒಂದು ಬಗೆ. ಆಟಗಾರ ನಕ್ಕದ್ದು ಖುಷಿಗೋ ಕುಹಕಕ್ಕೋ ಎಂದು ತೀರ್ಮಾನಿಸುವುದು ಇನ್ನೊಂದು ಬಗೆ. ಎರಡನೆಯದನ್ನೂ ಅದೇ ಸೀಟಿಯ ಕೊರಳಿಗೆ ಕಟ್ಟಿದ್ದರ ಫಲವನ್ನು 2021ರ ನವೆಂಬರ್ 8ರಂದು ಪಿಟ್ಸ್‌ಬರ್ಗ್ ಕಂಡಿತು.

ಆ ರಾತ್ರಿ ಷಿಕಾಗೊ ಬೇರ್ಸ್ ತಂಡ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಊರಲ್ಲಿ ಆಡುತ್ತಿತ್ತು. ಪಂದ್ಯ ಮುಗಿಯಲು ನಾಲ್ಕು ನಿಮಿಷಕ್ಕೂ ಕಡಿಮೆ; ಸ್ಟೀಲರ್ಸ್ 23, ಬೇರ್ಸ್ 20. ಈ ಆಟದಲ್ಲಿ ಚೆಂಡು ಕೈಯಲ್ಲಿರುವ ತಂಡ ನಾಲ್ಕು ಯತ್ನಗಳೊಳಗೆ 10 ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಯತ್ನ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಸಾಮಾನ್ಯವಾಗಿ ಮೂರನೇ ಯತ್ನ ಕೈಕೊಟ್ಟರೆ ನಾಲ್ಕನೆಯದರಲ್ಲಿ ಚೆಂಡನ್ನು ದೂರ ಒದ್ದು ಒಪ್ಪಿಸಿಬಿಡುತ್ತಾರೆ. ಸ್ಟೀಲರ್ಸ್‌ಗೆ ಅದು ಮೂರನೇ ಯತ್ನ. ಬೇರ್ಸ್‌ನ ಕ್ಯಾಷಿಯಸ್ ಮಾರ್ಷ್, ಎದುರಾಳಿಯ ಕ್ವಾರ್ಟರ್‌ಬ್ಯಾಕ್, ಅಂದರೆ ಮುಖ್ಯ ಎಸೆತಗಾರ, ಬೆನ್ ರಾಥ್ಲಿಸ್‌ಬರ್ಗರ್‌ನನ್ನು ಎಸೆಯುವ ಮೊದಲೇ ಹಿಡಿದು ಕೆಡವಿದ. ಮಾರ್ಷ್ ಬೇರ್ಸ್ ಸೇರಿ ಕೆಲವೇ ದಿನಗಳಾಗಿದ್ದವು. ಹಿಂದಿನ ವರ್ಷ ಅವನು ಇದೇ ಸ್ಟೀಲರ್ಸ್‌ನಲ್ಲಿದ್ದು ಹೊರಬಿದ್ದವನು. ಗಾಳಿಯಲ್ಲಿ ಒಂದು ಸುತ್ತು ತಿರುಗಿ ಒದೆಯುವ ತನ್ನ ಮಾಮೂಲಿ ಸಂಭ್ರಮ ಮುಗಿಸಿ, ಸ್ಟೀಲರ್ಸ್ ಬೆಂಚಿನ ಕಡೆ ನಾಲ್ಕು ಹೆಜ್ಜೆ ಹಾಕಿ, ಎದೆಯುಬ್ಬಿಸಿ ನಿಂತು ನೋಡಿದ. ಏನೂ ಅನ್ನಲಿಲ್ಲ, ಯಾರನ್ನೂ ಮುಟ್ಟಲಿಲ್ಲ. ತಿರುಗಿ ತನ್ನ ಬೆಂಚಿನತ್ತ ಓಡಿದ.

ಓಡುವಾಗ ಮುಖ್ಯ ರೆಫರಿ ಟೋನಿ ಕೊರೆಂಟೆಯ ಸೊಂಟ ಅವನಿಗೆ ತಾಕಿತು. ಕೊರೆಂಟೆಯೇ ಒಂದು ಹೆಜ್ಜೆ ಹಿಂದೆ ಸರಿದು ತಾಕಿಸಿದರು ಎಂದು ವಿಡಿಯೊ ನೋಡಿದವರಲ್ಲಿ ಬಹುಮಂದಿಯ ವಾದ. ಆಮೇಲೆ ಅವರ ಸೊಂಟದಿಂದ ತಪ್ಪು ಸಾರುವ ಹಳದಿ ಬಟ್ಟೆ ಹೊರಬಂದು ಹಾರಿತು. ಟಾಂಟಿಂಗ್, ಅಂದರೆ ಎದುರಾಳಿಯನ್ನು ಕೆಣಕಿದ ಅಪರಾಧ. ಶಿಕ್ಷೆ 15 ಗಜ, ಜೊತೆಗೆ ತಾನಾಗಿಯೇ ಒದಗುವ ಹೊಸ ನಾಲ್ಕು ಯತ್ನ. ಚೆಂಡು ಬಿಟ್ಟುಕೊಡಬೇಕಿದ್ದ ಸ್ಟೀಲರ್ಸ್ ಮುಂದೆ ಸಾಗಿ 52 ಗಜದಿಂದ ಚೆಂಡನ್ನು ಕಂಬಗಳ ನಡುವೆ ಒದ್ದು, ಫೀಲ್ಡ್ ಗೋಲ್‌ನ ಮೂರು ಅಂಕ ಪಡೆದು 26–20 ಮಾಡಿದರು. ಬೇರ್ಸ್ ಬಿಡಲಿಲ್ಲ, ಎಳೆಯ ಜಸ್ಟಿನ್ ಫೀಲ್ಡ್ಸ್ ಎಸೆದ ಟಚ್‌ಡೌನ್‌ನಿಂದ 27–26. ಕೊನೆಯ ಅರ್ಧ ನಿಮಿಷದಲ್ಲಿ ಸ್ಟೀಲರ್ಸ್ ಇನ್ನೊಂದು ಗೋಲ್ ಒದ್ದು 29–27ರಿಂದ ಗೆದ್ದರು. ಅಂತರ ಎರಡು ಅಂಕ. ಆ ಬಟ್ಟೆ ಹಾರಿದ ಮೇಲೆ ದಕ್ಕಿದ್ದು ಮೂರು.

ಪಂದ್ಯ ಮುಗಿದ ಮೇಲೆ ಕೊರೆಂಟೆ ಹೇಳಿದ್ದು: ಸೊಂಟ ತಾಕಿದ್ದಕ್ಕೂ ತೀರ್ಪಿಗೂ ಸಂಬಂಧವಿಲ್ಲ, ಆಟಗಾರ ಎದುರಾಳಿ ಬೆಂಚಿನ ಕಡೆಗೆ ಓಡಿ ಕೆಣಕುವ ಭಂಗಿಯಲ್ಲಿ ನಿಂತದ್ದು ತನಗೆ ಕಂಡಿತು. ಮಾರ್ಷ್ ಕೇಳಿದ್ದು: ನಾನೇ ರೆಫರಿಗೆ ಹಾಗೆ ತಾಕಿದ್ದರೆ ನನ್ನನ್ನು ಹೊರಗೆ ಹಾಕುತ್ತಿರಲಿಲ್ಲವೇ? ಲೀಗ್ ತೀರ್ಪಿನ ಬೆನ್ನಿಗೆ ನಿಂತಿತು, ಮಾರ್ಷ್‌ಗೆ 5,972 ಡಾಲರ್ ದಂಡವನ್ನೂ ಹಾಕಿತು. ನಿಯಮದ ಅಕ್ಷರ ಹಿಡಿದು ಓದಿದರೆ ಕೊರೆಂಟೆ ತಪ್ಪಿದ್ದರು ಎಂದು ನಾನು ಹೇಳಲಾರೆ. ತಂಡಗಳ ನಡುವೆ ಹಗೆ ಹುಟ್ಟಿಸಬಹುದಾದ ಮಾತು ಅಥವಾ ಕೃತ್ಯ ಎಂಬ ಅರ್ಥದ ನಿಯಮ ಅದು. ‘ಹುಟ್ಟಿಸಬಹುದಾದ’ ಎಂಬಷ್ಟು ಅಗಲವಾದ ಬಾಗಿಲಲ್ಲಿ ಯಾವ ನೋಟ ತಾನೆ ಒಳಗೆ ಬಾರದು?

ಈ ಕತೆಯಲ್ಲಿ ಇನ್ನೊಂದು ಎಳೆ ಉಂಟು. 2021ರ ಋತುವಿಗೆ ಮುನ್ನ ಈ ನಿಯಮವನ್ನು ಬಿಗಿಯಾಗಿ ಜಾರಿ ಮಾಡಿ ಎಂದು ರೆಫರಿಗಳಿಗೆ ಸೂಚಿಸಿದ್ದು ಲೀಗಿನ ಸ್ಪರ್ಧಾ ಸಮಿತಿ. ಆ ಸಮಿತಿಯಲ್ಲಿ ಸ್ಟೀಲರ್ಸ್ ಕೋಚ್ ಮೈಕ್ ಟಾಮ್ಲಿನ್ ಇದ್ದರು. ಆಟವನ್ನು ಚೊಕ್ಕ ಮಾಡುತ್ತಿದ್ದೇವೆ, ಎಳೆಯರು ನಮ್ಮನ್ನು ನೋಡಿ ಕಲಿಯುತ್ತಾರೆ ಎಂದು ಅವರು ಋತುವಿನ ಆರಂಭದಲ್ಲೇ ಬಹಿರಂಗವಾಗಿ ಸಮರ್ಥಿಸಿಕೊಂಡಿದ್ದರು. ಅವರದೇ ತಂಡಕ್ಕೆ ಅದರ ಲಾಭ ಸಿಕ್ಕಿದ್ದು ಬರೀ ಕಾಕತಾಳೀಯ. ಆದರೆ ರೆಫರಿಗಳ ಮೇಲೆ ಗುಮಾನಿ ಪಡಲು ಕಾರಣ ಹುಡುಕುತ್ತಿದ್ದವರಿಗೆ ಕಾಕತಾಳೀಯವೇ ಸಾಕ್ಷಿ. ನ್ಯೂಯಾರ್ಕ್ ಜಯಂಟ್ಸ್ ಒಡೆಯರಲ್ಲಿ ಒಬ್ಬರಾದ ಜಾನ್ ಮಾರಾ, ಮೈದಾನದಲ್ಲಿನ ಈ ಮಾತುಕತೆ ಕೇಳಿ ನಮಗೆ ಸಾಕಾಗಿದೆ, ಆಟಗಾರರು ಒಬ್ಬರನ್ನೊಬ್ಬರು ಕೆಣಕುವುದು ಯಾರಿಗೂ ಬೇಡ ಎಂಬರ್ಥದ ಮಾತಾಡಿದ್ದರು. ಯಾರಿಗೂ ಬೇಡವೇ? ಪ್ರಸಾರದ ಚಾನೆಲ್ಲುಗಳಾಗಲಿ ಲೀಗಿನದೇ ಜಾಹೀರಾತುಗಳಾಗಲಿ ಇಂಥ ತುಣುಕುಗಳನ್ನು ಕತ್ತರಿಸಿ ಬಿಸಾಡಿದ್ದನ್ನು ನಾನಂತೂ ನೋಡಿಲ್ಲ.

ಕುಣಿತದಿಂದ ಕಾದಾಟಕ್ಕೆ

ಅಂಕ ಗಳಿಸಿದವನು ಏನು ಮಾಡಬೇಕು ಎಂಬ ತಕರಾರು ಈ ಆಟದಲ್ಲಿ ಅರುವತ್ತು ವರ್ಷದ್ದು. 1965ರಲ್ಲಿ ಜಯಂಟ್ಸ್‌ನ ಹೋಮರ್ ಜೋನ್ಸ್ ಟಚ್‌ಡೌನ್ ಗಳಿಸಿ ಚೆಂಡನ್ನು ನೆಲಕ್ಕೆ ಅಪ್ಪಳಿಸಿದ. ಪ್ರೇಕ್ಷಕರತ್ತ ಚೆಂಡು ಎಸೆದರೆ ದಂಡ ಬೀಳುತ್ತಿದ್ದುದರಿಂದ ಅವನು ಕಂಡುಕೊಂಡ ದಾರಿ ಅದು. ಇವತ್ತು ಪ್ರತಿ ಭಾನುವಾರ ನೂರು ಮಂದಿ ಮಾಡುವ ಆ ಕ್ರಿಯೆ ಹುಟ್ಟಿದ್ದು ಹೀಗೆ ಒಂದು ನಿಷೇಧದ ಪಕ್ಕದ ಸಂದಿಯಲ್ಲಿ. 1973ರಲ್ಲಿ ಕ್ಯಾನ್ಸಸ್ ಸಿಟಿಯ ಎಲ್ಮೊ ರೈಟ್ ಮಂಡಿ ಎತ್ತೆತ್ತಿ ಕುಣಿದ. ಅಂಕಣದ ಕೊನೆಯಲ್ಲಿನ ಮೊದಲ ಕುಣಿತ ಅವನದೇ ಎನ್ನುತ್ತಾರೆ. ಎಂಬತ್ತರ ದಶಕದ ಮೊದಲಲ್ಲಿ ವಾಷಿಂಗ್ಟನ್ ತಂಡದವರು ಗುಂಪಾಗಿ ನಿಂತು ಒಟ್ಟಿಗೆ ಹಾರಿ ಕೈ ತಟ್ಟುತ್ತಿದ್ದರು. ನ್ಯೂಯಾರ್ಕ್ ಜೆಟ್ಸ್‌ನ ಮಾರ್ಕ್ ಗ್ಯಾಸ್ಟಿನೊ, ಕ್ವಾರ್ಟರ್‌ಬ್ಯಾಕನ್ನು ಕೆಡವಿದಾಗಲೆಲ್ಲ ಮೈಮೇಲೆ ದೇವರು ಬಂದವನಂತೆ ಕುಣಿಯುತ್ತಿದ್ದ. 1983ರಲ್ಲಿ ಲಾಸ್ ಏಂಜಲಿಸ್ ರ‍್ಯಾಮ್ಸ್‌ನ ಜ್ಯಾಕಿ ಸ್ಲೇಟರ್‌ಗೆ ಆ ಕುಣಿತ ಕಂಡು ಮೈ ಉರಿಯಿತು, ಹಿಂದಿನಿಂದ ತಳ್ಳಿದ. ಆಮೇಲೆ ನಡೆದ ಗುದ್ದಾಟಕ್ಕೆ 37 ಆಟಗಾರರು ದಂಡ ತೆತ್ತರು. ಮರುವರ್ಷ ಲೀಗ್ ಅತಿಯಾದ ಸಂಭ್ರಮಕ್ಕೆ ನಿಷೇಧ ತಂದಿತು. ಕುಣಿತ ನಿಂತ ಆ 1984ರಲ್ಲೇ ಗ್ಯಾಸ್ಟಿನೊ 22 ಸ್ಯಾಕ್‌ಗಳ (ಕ್ವಾರ್ಟರ್‌ಬ್ಯಾಕನ್ನು ಹೀಗೆ ಕೆಡವುವುದರ ಹೆಸರು) ದಾಖಲೆ ಬರೆದದ್ದು ತಮಾಷೆ. ಅದು 2001ರವರೆಗೆ ಅಳಿಯಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕೆಣಕಾಟ ನಡೆದದ್ದು 2000ದ ಸೆಪ್ಟೆಂಬರ್ 24ರಂದು, ಡಲ್ಲಾಸ್ ಕೌಬಾಯ್ಸ್ ಅಂಗಳದಲ್ಲಿ. ಆ ಮೈದಾನದ ನಟ್ಟನಡುವೆ ತಂಡದ ಲಾಂಛನವಾದ ನೀಲಿ ನಕ್ಷತ್ರ. ಸ್ಯಾನ್ ಫ್ರಾನ್ಸಿಸ್ಕೊದ ಟೆರೆಲ್ ಓವೆನ್ಸ್ ಟಚ್‌ಡೌನ್ ಗಳಿಸಿದವನೇ ಅಲ್ಲಿಂದ ಮಧ್ಯಕ್ಕೆ ಓಡಿ, ನಕ್ಷತ್ರದ ಮೇಲೆ ನಿಂತು, ಕೈ ಚಾಚಿ ಮುಖ ಮೇಲೆತ್ತಿದ. ದೇವಸ್ಥಾನದ ಗರ್ಭಗುಡಿಗೆ ಚಪ್ಪಲಿ ಹಾಕಿ ನುಗ್ಗಿದಷ್ಟು ಸಿಟ್ಟು ಬಂತು ಡಲ್ಲಾಸಿಗೆ. ಕೌಬಾಯ್ಸ್‌ನ ಎಮ್ಮಿಟ್ ಸ್ಮಿತ್ ತನ್ನ ಟಚ್‌ಡೌನ್ ಆದಾಗ ಅಲ್ಲಿಗೇ ಓಡಿ ಚೆಂಡು ಕುಟ್ಟಿ ಜಾಗವನ್ನು ಮರಳಿ ವಶಪಡಿಸಿಕೊಂಡ. ಓವೆನ್ಸ್ ಮತ್ತೊಂದು ಗಳಿಸಿದ, ಮತ್ತೆ ಓಡಿದ. ಈ ಸಲ ಜಾರ್ಜ್ ಟೀಗ್ ಎಂಬ ಆಟಗಾರ ಅಷ್ಟು ದೂರದಿಂದ ಬೆನ್ನಟ್ಟಿ ಬಂದು ಅವನನ್ನು ಉರುಳಿಸಿದ. ಟೀಗ್‌ನನ್ನು ಪಂದ್ಯದಿಂದ ಹೊರಗೆ ಹಾಕಿದರು. ಓವೆನ್ಸ್‌ಗೆ ಒಂದು ವಾರದ ಅಮಾನತು ವಿಧಿಸಿದ್ದು ಲೀಗ್ ಅಲ್ಲ, ಅವನ ಸ್ವಂತ ಕೋಚ್ ಸ್ಟೀವ್ ಮರಿಯೂಚಿ. ಪಂದ್ಯ ಗೆದ್ದದ್ದು ಓವೆನ್ಸ್ ತಂಡವೇ. ಇಂದಿಗೂ ಡಲ್ಲಾಸ್ ಅಭಿಮಾನಿಗೆ ಟೀಗ್ ನೆನಪಿರುವುದು ಅವನು ಹಿಡಿದ ಚೆಂಡುಗಳಿಗಲ್ಲ, ಹೊರಹಾಕಿಸಿಕೊಂಡ ಆ ಒಂದು ಗುದ್ದಿಗೆ.

ಈ ಘಟನೆಯಲ್ಲಿ ತಂಡವೇ ತನ್ನ ಆಟಗಾರನಿಗೆ ಬುದ್ಧಿ ಹೇಳಿತೆಂಬುದನ್ನು ಗಮನಿಸಬೇಕು. ಆ ಕೆಲಸ ಮೆಲ್ಲಮೆಲ್ಲನೆ ರೆಫರಿಯ ಹೆಗಲಿಗೆ ಬಂತು. 2006ರಲ್ಲಿ ವಸ್ತುಗಳನ್ನು ಬಳಸಿ ಸಂಭ್ರಮಿಸುವುದಕ್ಕೂ ನೆಲದ ಮೇಲೆ ಹೊರಳುವುದಕ್ಕೂ ತಡೆ ಬಿತ್ತು. 2014ರಲ್ಲಿ ಗೋಲ್ ಕಂಬದ ಮೇಲಿಂದ ಚೆಂಡು ತುರುಕುವುದಕ್ಕೂ ತಡೆ. ಲೀಗಿನ ಹೆಸರಿನ ಮೂರಕ್ಷರಕ್ಕೆ ಜನ ‘ನೋ ಫನ್ ಲೀಗ್’, ಅಂದರೆ ಮೋಜಿಲ್ಲದ ಲೀಗ್, ಎಂಬ ವಿಸ್ತರಣೆ ಕೊಟ್ಟು ಅಣಕಿಸತೊಡಗಿದರು. 2017ರಲ್ಲಿ ಕಮಿಷನರ್ ರೋಜರ್ ಗುಡೆಲ್ 80ಕ್ಕೂ ಹೆಚ್ಚು ಹಾಲಿ ಮಾಜಿ ಆಟಗಾರರ ಜೊತೆ ಮಾತಾಡಿ ಗಂಟು ಸಡಿಲಿಸಿದರು. ಗುಂಪಾಗಿ ಕುಣಿಯಿರಿ, ನೆಲದಲ್ಲಿ ಹೊರಳಿರಿ, ಚೆಂಡನ್ನೇ ಆಟಿಕೆ ಮಾಡಿಕೊಳ್ಳಿ, ಎದುರಾಳಿಯ ಕಡೆ ಮಾತ್ರ ತಿರುಗಬೇಡಿ. ಹೀಗೆ ಇಡೀ ವಿವಾದ ಮುಖ ಯಾವ ದಿಕ್ಕಿಗಿತ್ತು ಎಂಬ ಒಂದು ಪ್ರಶ್ನೆಗೆ ಬಂದು ನಿಂತಿತು. ನಾಲ್ಕು ವರ್ಷದ ನಂತರ ಗಂಟನ್ನು ಮತ್ತೆ ಬಿಗಿದಾಗ ಸಿಕ್ಕಿಬಿದ್ದವರಲ್ಲಿ ಮೊದಲಿಗನೆಂದರೆ ಇಂಡಿಯಾನಾಪೊಲಿಸ್‌ನ ಬೆನ್ನಿ ಲಮೇ. ಅಭ್ಯಾಸ ಪಂದ್ಯದಲ್ಲಿ ಎದುರಾಳಿಗಳ ರಾಶಿಯನ್ನೇ ಎಳೆದುಕೊಂಡು ಹಲವು ಗಜ ಸಾಗಿದ ಹುಡುಗ, ತಂಡದಲ್ಲಿ ಜಾಗ ಸಿಗಲೆಂದು ಹೆಣಗುತ್ತಿದ್ದವನು. ಎದ್ದ ಉಮೇದಿನಲ್ಲಿ ಮಾಡಿದ್ದು ಕೆಣಕು ಅನ್ನಿಸಿಕೊಂಡಿತು. ಆಗಸ್ಟ್‌ನಲ್ಲೇ ಜನ ರೇಗಿದರು.

ನಿಯಮದ ಪರವಾಗಿಯೂ ಗಟ್ಟಿಯಾದ ಮಾತಿದೆ, ಅದನ್ನು ಮುಚ್ಚಿಡಬಾರದು. 2015ರ ಡಿಸೆಂಬರ್ 20ರಂದು ಜಯಂಟ್ಸ್‌ನ ಓಡೆಲ್ ಬೆಕಮ್ ಜೂನಿಯರ್ ಮತ್ತು ಕ್ಯಾರೊಲಿನಾದ ಜಾಷ್ ನಾರ್ಮನ್ ನಡುವೆ ಮಾತಿನಿಂದ ಶುರುವಾದದ್ದು ಪಂದ್ಯ ಪೂರ್ತಿ ಬೆಳೆಯಿತು. ಒಂದು ಹಂತದಲ್ಲಿ ಬೆಕಮ್ ದೂರದಿಂದ ಓಡಿಬಂದು ತಲೆಯಿಂದ ತಲೆಗೆ ಗುದ್ದಿದ. ಅವನ ಮೇಲೆ ಮೂರು ಸಲ ಒರಟಾಟದ ದಂಡ ಬಿತ್ತು. ಆದರೂ ರೆಫರಿಗಳು ಹೊರಗೆ ಕಳಿಸಲಿಲ್ಲ. ಕಳಿಸಿದ್ದರೆ ಅವತ್ತು ಯಾರೂ ಆಕ್ಷೇಪಿಸುತ್ತಿರಲಿಲ್ಲ. ಲೀಗ್ ಆಮೇಲೆ ಒಂದು ಪಂದ್ಯದ ಅಮಾನತು ಹಾಕಿತು. ಮುಂದಿನ ಋತುವಿನಿಂದ, ಕ್ರೀಡಾಮನೋಭಾವ ಮೀರಿದ ಕೆಲವು ಬಗೆಯ ತಪ್ಪುಗಳನ್ನು ಎರಡು ಸಲ ಮಾಡಿದವನು ನೇರ ಹೊರಗೆ ಎಂಬ ನಿಯಮ ಬಂತು. ಟಾಂಟಿಂಗ್ ಕೂಡ ಆ ಪಟ್ಟಿಯಲ್ಲಿದೆ. ಮಾತು ಎಲ್ಲಿಗೆ ಒಯ್ಯುತ್ತದೆ ಎಂಬುದು ನಮಗೆ ಹೊಸದಲ್ಲ. ಕೊಳದಲ್ಲಿ ಅಡಗಿದ ದುರ್ಯೋಧನನನ್ನು ಎಳೆದು ತಂದದ್ದು ಭೀಮನ ಮೂದಲಿಕೆ. ಗದೆ ಎತ್ತಿದ್ದು ಆಮೇಲೆ. 100 ಕಿಲೋ ಮೀರಿದ ದೇಹಗಳು ಪೂರ್ಣ ವೇಗದಲ್ಲಿ ಡಿಕ್ಕಿ ಹೊಡೆಯುವ ಆಟದಲ್ಲಿ ಹಗೆ ಮೈಗೆ ಹತ್ತಿದರೆ ಮೂಳೆ ಮುರಿಯುತ್ತದೆ.

ಆದರೆ ಬೆಕಮ್ ಮಾಡಿದ್ದನ್ನು ತಡೆಯಲು ಬೇಕಿದ್ದದ್ದು ಆಗಲೇ ಪುಸ್ತಕದಲ್ಲಿತ್ತು. ಅಲ್ಲಿ ಕೊರತೆಯಾದದ್ದು ರೆಫರಿಯ ಎದೆಗಾರಿಕೆ. ಮಾರ್ಷ್ ಪ್ರಸಂಗದಲ್ಲಿ ಅದೇ ಎದೆಗಾರಿಕೆ ಹೆಚ್ಚಾಯಿತು. ಎರಡರ ನಡುವೆ ಗೆರೆ ಎಳೆಯುವ ಕೆಲಸ ಯಾರ ಕೈಗೆ ಕೊಟ್ಟರೂ ಕಷ್ಟವೇ.

ಬಣ್ಣದ ಮಾತನ್ನೂ ಬಿಡುವಂತಿಲ್ಲ. ಲೀಗಿನ ಆಟಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ವರ್ಣೀಯರು. ತಂಡಗಳ ಮುಖ್ಯ ಒಡೆಯರಲ್ಲಿ ಈವರೆಗೆ ಒಬ್ಬರೂ ಇಲ್ಲ. ಹುಡುಗರು ಗಲ್ಲಿ ಮೈದಾನಗಳಲ್ಲಿ ಕಲಿತ ಮಾತಿನ ಮಲ್ಲಯುದ್ಧ, ಮೈಯ ಭಾಷೆ, ಇವೆಲ್ಲ ಒಡೆಯರ ಕೋಣೆಯಲ್ಲಿ ಅಸಭ್ಯ ಅನ್ನಿಸಿದರೆ ಅಸಭ್ಯ ಯಾರ ಲೆಕ್ಕದಲ್ಲಿ ಎಂದು ಕೇಳುವವರಿದ್ದಾರೆ, ಕೇಳುವುದು ನ್ಯಾಯ. ಅದರ ಜೊತೆಗೇ, ಈ ಬಿಗಿತವನ್ನು ಗಟ್ಟಿಯಾಗಿ ಸಮರ್ಥಿಸಿದ ಟಾಮ್ಲಿನ್ ಆಗಲಿ, ಲೀಗಿನ ಆಟ ವಿಭಾಗದ ಮುಖ್ಯಸ್ಥ, ಮಾಜಿ ಆಟಗಾರ ಟ್ರಾಯ್ ವಿನ್ಸೆಂಟ್ ಆಗಲಿ ಕಪ್ಪು ವರ್ಣೀಯರೇ ಎಂಬುದನ್ನೂ ಹೇಳಬೇಕು. ಸುಲಭದ ತೀರ್ಮಾನಕ್ಕೆ ಇದು ಒಗ್ಗುವ ವಿಷಯವಲ್ಲ.

ಏಳು ಜನ, ನೂರು ಕಣ್ಣು

ಒಂದು ಪಂದ್ಯಕ್ಕೆ ಏಳು ಮಂದಿ ರೆಫರಿಗಳು. ಬಿಳಿ ಟೋಪಿಯವರು ಮುಖ್ಯಸ್ಥರು. ಬಹುತೇಕರಿಗೆ ಇದು ವಾರಾಂತ್ಯದ ಕೆಲಸ. ತೋಳಿನ ಸ್ನಾಯುಗಳಿಗೂ ಉದ್ದುದ್ದ ವಿವರಣೆಗಳಿಗೂ ಹೆಸರಾಗಿದ್ದ ಎಡ್ ಹೊಕುಲಿ ವಕೀಲರು. ಮುಂದೆ ರೆಫರಿಗಳ ಮೇಲ್ವಿಚಾರಣೆಗೇ ಬಂದ ವಾಲ್ಟ್ ಆಂಡರ್ಸನ್ ಹಲ್ಲಿನ ಡಾಕ್ಟರು. ಸ್ಟೆರಟೋರ್ ಕುಟುಂಬದ್ದು ಶುಚಿತ್ವ ಸಾಮಗ್ರಿಗಳ ವ್ಯಾಪಾರ. ಒಡೆಯರು ಶತಕೋಟಿ ಡಾಲರುಗಳಲ್ಲಿ ಮಾತಾಡುವ ಲೀಗು ತನ್ನ ನ್ಯಾಯಾಧೀಶರನ್ನು ಅರೆಕಾಲಿಕರಾಗಿ ಇಟ್ಟುಕೊಂಡಿರುವುದು ಹೊರಗಿನವರಿಗೆ ನಂಬಲಾಗದ ಸಂಗತಿ. 2017ರಲ್ಲಿ ಕೆಲವರನ್ನು ಪೂರ್ಣಾವಧಿಗೆ ತೆಗೆದುಕೊಂಡು ಎರಡೇ ವರ್ಷದಲ್ಲಿ ಆ ಪ್ರಯೋಗ ಕೈಬಿಟ್ಟರು. ಪೂರ್ಣಾವಧಿ ಮಾಡಿದರೆ ಕಣ್ಣು ಚುರುಕಾಗುತ್ತದೆಯೇ ಎಂಬುದು ಬೇರೆ ಮಾತು. ತೀರ್ಪು ಕೊಡುವ ಅಭ್ಯಾಸ ಬರುವುದು ಪಂದ್ಯದಲ್ಲಿ, ಪಂದ್ಯ ವಾರಕ್ಕೊಂದೇ.

ಆ ಹಳದಿ ಬಟ್ಟೆಯ ಕತೆಯೂ ಚೆನ್ನಾಗಿದೆ. 1941ರಲ್ಲಿ ಒಹಾಯೊದ ಯಂಗ್ಸ್‌ಟೌನ್ ಕಾಲೇಜಿನ ಕೋಚ್ ಡ್ವೈಟ್ ಬೀಡಿ, ರೆಫರಿಗಳು ಊದುವ ಸದ್ದು ಗದ್ದಲದಲ್ಲಿ ಕೇಳುವುದಿಲ್ಲವೆಂದು ಬಾವುಟ ಎಸೆಯುವ ಉಪಾಯ ಹೂಡಿದರು. ಹೊಲಿದು ಕೊಟ್ಟವರು ಹೆಂಡತಿ ಇರ್ಮಾ. 1948ರಲ್ಲಿ ಲೀಗ್ ಅದನ್ನು ಒಪ್ಪಿಕೊಂಡಿತು, 1965ರಿಂದ ಬಣ್ಣ ಹಳದಿ. ಗಾಳಿಗೆ ಹಾರಿಹೋಗದಿರಲೆಂದು ಒಳಗೆ ತೂಕ ತುಂಬುತ್ತಾರೆ. 1999ರಲ್ಲಿ ಜೆಫ್ ಟ್ರಿಪ್ಲೆಟ್ ಎಂಬ ರೆಫರಿ ಎಸೆದ ಬಾವುಟದೊಳಗಿನ ಗುಂಡುಗಳು ಕ್ಲೀವ್‌ಲ್ಯಾಂಡ್‌ನ ದೈತ್ಯ ಆಟಗಾರ ಒರ್ಲಾಂಡೊ ಬ್ರೌನ್‌ನ ಕಣ್ಣಿಗೆ ಬಡಿದವು. ಸಿಟ್ಟಿನಲ್ಲಿ ಅವನು ರೆಫರಿಯನ್ನೇ ನೂಕಿ ಕೆಡವಿದ. ಮುಂದಿನ ಮೂರು ಋತು ಆಡಲಾಗಲಿಲ್ಲ. ಬಾವುಟದಿಂದ ನಿಜವಾಗಿಯೂ ಗಾಯಗೊಂಡ ಆಟಗಾರ ಅವನೊಬ್ಬನೇ ಇರಬೇಕು. ಉಳಿದವರದು ಮನಸ್ಸಿನ ಗಾಯ.

ಕಣ್ಣಿನ ತಪ್ಪುಗಳು ಆಗುತ್ತವೆ, ಕೆಲವು ಘೋರವಾಗಿಯೇ ಆಗುತ್ತವೆ. 2019ರ ಜನವರಿ 20ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಒಂದು ಮೆಟ್ಟಿಲು ಕೆಳಗಿನ ಪಂದ್ಯ. ಚೆಂಡು ಬರುವ ಮೊದಲೇ ರ‍್ಯಾಮ್ಸ್‌ನ ನಿಕೆಲ್ ರಾಬಿ-ಕೋಲ್ಮನ್ ಸೇಂಟ್ಸ್‌ನ ಟಾಮಿಲೀ ಲೂಯಿಸ್‌ಗೆ ಡಿಕ್ಕಿ ಹೊಡೆದ. 70 ಸಾವಿರ ಜನ ಕಂಡರು, ಬಟ್ಟೆ ಹಾರಲಿಲ್ಲ. ಸೇಂಟ್ಸ್ ಹೆಚ್ಚುವರಿ ಸಮಯದಲ್ಲಿ 26–23ರಿಂದ ಸೋತರು. ತಪ್ಪಾಯಿತೆಂದು ಲೀಗ್ ಕಚೇರಿ ತನಗೆ ಫೋನಿನಲ್ಲಿ ಒಪ್ಪಿಕೊಂಡಿತು ಎಂದು ಕೋಚ್ ಷಾನ್ ಪೇಟನ್ ಹೇಳಿದರು. ಡಿಕ್ಕಿ ಹೊಡೆದವನೂ ಅಲ್ಲಗಳೆಯಲಿಲ್ಲ. ಮುಂದಿನ ಋತುವಿಗೆ ಇಂಥ ತೀರ್ಪುಗಳನ್ನು ವಿಡಿಯೊ ಮರುಪರಿಶೀಲನೆಗೆ ಒಡ್ಡಿದರು. ಅದು ಇನ್ನಷ್ಟು ಗೋಜಲಾಗಿ ಒಂದೇ ವರ್ಷಕ್ಕೆ ಮುಚ್ಚಿತು. ಎಷ್ಟು ತಾಕಿದರೆ ಅಡ್ಡಿ ಎಂಬುದನ್ನು ನಿಧಾನಗತಿಯ ವಿಡಿಯೊ ಹೇಳಲಾರದು. ಅಲ್ಲಿ ಎಲ್ಲ ತಾಕುವಿಕೆಯೂ ಹೊಡೆತದಂತೆಯೇ ಕಾಣುತ್ತದೆ.

ಅಳತೆಯ ಕೆಲಸವನ್ನು ಮಾತ್ರ ಯಂತ್ರ ಚೆನ್ನಾಗಿ ಮಾಡುತ್ತದೆ. 2017ರಲ್ಲಿ ಇದೇ ಸ್ಟೆರಟೋರ್, ಡಲ್ಲಾಸ್–ಓಕ್ಲಂಡ್ ಪಂದ್ಯದಲ್ಲಿ ಚೆಂಡು 10 ಗಜದ ಗುರಿ ಮುಟ್ಟಿತೇ ಎಂದು ನೋಡಲು ಮಡಿಸಿದ ಕಾರ್ಡೊಂದನ್ನು ಚೆಂಡಿಗೂ ಗುರಿ ತೋರುವ ಕೋಲಿಗೂ ನಡುವೆ ತೂರಿಸಿ ನೋಡಿದ್ದರು. ಪಂದ್ಯಕ್ಕಿಂತ ಆ ಕಾರ್ಡೇ ಹೆಚ್ಚು ಪ್ರಸಿದ್ಧವಾಯಿತು. 2025ರಿಂದ ಆ ಕೆಲಸಕ್ಕೆ ನಮ್ಮ ಕ್ರಿಕೆಟ್ ನೋಡುಗರಿಗೆ ಎಲ್‌ಬಿಡಬ್ಲ್ಯು ತಕರಾರುಗಳಿಂದ ಪರಿಚಿತವಾದ ಹಾಕ್-ಐ ಬಂದಿದೆ. ಆದರೆ ಮಾರ್ಷ್‌ನ ನೋಟದಲ್ಲಿ ಎಷ್ಟು ಹಗೆ ಇತ್ತೆಂದು ಅಳೆಯುವ ಕ್ಯಾಮೆರಾ ಬಂದಿಲ್ಲ.

ರೆಫರಿಗಳಿಗೆ ಈ ತಪ್ಪುಗಳು ಏನು ಮಾಡುತ್ತವೆ ಎಂಬುದನ್ನು ಒಬ್ಬರು ಬಾಯಿಬಿಟ್ಟು ಹೇಳಿದ್ದರು. 2006ರ ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ ಸ್ಟೀಲರ್ಸ್ ಸಿಯಾಟಲನ್ನು 21–10ರಿಂದ ಸೋಲಿಸಿದಾಗ ಮುಖ್ಯ ರೆಫರಿ ಬಿಲ್ ಲೀವಿ. ನಾಲ್ಕು ವರ್ಷ ಕಳೆದು, 2010ರ ಆಗಸ್ಟ್‌ನಲ್ಲಿ ನಿಯಮಗಳ ಬಗ್ಗೆ ವಿವರಿಸಲು ಸಿಯಾಟಲ್‌ಗೆ ಹೋದವರು ಪತ್ರಕರ್ತರ ಮುಂದೆ, ಕೊನೆಯ ಕ್ವಾರ್ಟರ್‌ನಲ್ಲಿ ಎರಡು ತೀರ್ಪು ಕೆಡಿಸಿದೆ, ನಿದ್ದೆ ಇಲ್ಲದ ರಾತ್ರಿಗಳನ್ನು ಕಳೆದಿದ್ದೇನೆ ಎಂದುಬಿಟ್ಟರು. ಯಾರೂ ಕೇಳಿರಲಿಲ್ಲ, ಲೀಗ್ ಹೇಳಿಸಿರಲಿಲ್ಲ. ಸಿಯಾಟಲ್ ಜನಕ್ಕೆ ಕಪ್ ಮರಳಿ ಬರಲಿಲ್ಲ. ಆದರೂ ತಪ್ಪನ್ನು ತಪ್ಪೆಂದು ಹೇಳಿಕೊಳ್ಳುವ ಅವಕಾಶ ಲೀವಿಗೆ ಸಿಕ್ಕಿತು.

ಉಳಿದವರಿಗೆ ಆ ಅವಕಾಶ ಸಿಗುವುದು ಅಪರೂಪ. ಪಂದ್ಯ ಮುಗಿದ ಮೇಲೆ ರೆಫರಿಯನ್ನು ಕಾಣಲು ಬಿಡುವುದು ಒಬ್ಬ ವರದಿಗಾರನನ್ನು ಮಾತ್ರ. ಅವನು ಕೇಳಿದ ನಾಲ್ಕು ಪ್ರಶ್ನೆಗಳ ಲಿಖಿತ ಪ್ರತಿ ಎಲ್ಲರಿಗೂ ಹಂಚಲಾಗುತ್ತದೆ. ಕೊರೆಂಟೆಯ ವಿವರಣೆ ನಮಗೆ ತಲುಪಿದ್ದು ಹಾಗೆಯೇ. ಪ್ರತಿ ರೆಫರಿಯ ಪ್ರತಿ ತೀರ್ಪಿಗೂ ಲೀಗ್ ವಾರವಾರ ಅಂಕ ಕೊಡುತ್ತದೆ, ಪ್ಲೇಆಫ್ ಪಂದ್ಯಗಳಿಗೆ ಆಯ್ಕೆ ನಡೆಯುವುದೂ ಆ ಅಂಕದ ಮೇಲೆಯೇ, ಆದರೆ ಅಂಕಪಟ್ಟಿ ಯಾರಿಗೂ ಕಾಣಿಸುವುದಿಲ್ಲ. ಅಲ್ಲಿನ ಬಾಸ್ಕೆಟ್‌ಬಾಲ್ ಲೀಗ್ 2015ರಿಂದಲೇ, ಪೈಪೋಟಿಯ ಪಂದ್ಯಗಳ ಕೊನೆಯ ಎರಡು ನಿಮಿಷದ ಪ್ರತಿ ತೀರ್ಪನ್ನೂ ಸರಿ ತಪ್ಪು ಹಾಕಿ ಪ್ರಕಟಿಸುತ್ತಿದೆ. ಆಕಾಶವೇನೂ ಕಳಚಿ ಬಿದ್ದಿಲ್ಲ.

ಈ ಮೌನದ ಬೆಲೆ 2018ರ ನಂತರ ಏರಿದೆ. ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ರೀಡಾ ಬೆಟ್ಟಿಂಗ್‌ಗೆ ಇದ್ದ ಕೇಂದ್ರದ ತಡೆಯನ್ನು ತೆಗೆದುಹಾಕಿತು. ಈಗ ಒಂದು ಹಳದಿ ಬಟ್ಟೆ ಹಾರಿದರೆ ಲಕ್ಷಾಂತರ ಮಂದಿಯ ಜೇಬು ಅಲುಗುತ್ತದೆ. ಜೇಬು ಅಲುಗಿದವನಿಗೆ ತಪ್ಪು ತೀರ್ಪು ಬರೀ ತಪ್ಪಾಗಿ ಕಾಣುವುದಿಲ್ಲ, ಸಂಚಾಗಿ ಕಾಣುತ್ತದೆ. 2023ರ ಸೂಪರ್ ಬೌಲ್ ಕೊನೆಯ ಗಳಿಗೆಯಲ್ಲಿ ಫಿಲಡೆಲ್ಫಿಯಾದ ಜೇಮ್ಸ್ ಬ್ರಾಡ್‌ಬೆರಿ ಎದುರಾಳಿಯ ಅಂಗಿ ಹಿಡಿದದ್ದಕ್ಕೆ ದಂಡ ಬಿದ್ದು ಕ್ಯಾನ್ಸಸ್ ಸಿಟಿ 38–35ರಿಂದ ಗೆದ್ದಾಗ, ಹೌದು ನಾನು ಹಿಡಿದೆ ಎಂದು ಬ್ರಾಡ್‌ಬೆರಿಯೇ ಒಪ್ಪಿಕೊಂಡ. ಅಭಿಮಾನಿಗಳು ಒಪ್ಪಲಿಲ್ಲ.

ಇಂಥ ಹವೆಯಲ್ಲಿ, ಕಣ್ಣಿಗೆ ಕಂಡ ತಪ್ಪನ್ನೇ ಜನ ನಂಬದಿರುವಾಗ, ಮನಸ್ಸಿನ ತಪ್ಪಿಗೆ 15 ಗಜ ಕೊಡುವ ಅಧಿಕಾರ ರೆಫರಿಗೆ ವರವೇನಲ್ಲ. ಕ್ರಿಕೆಟ್ಟಿನಲ್ಲಿ ಏನಾಗುತ್ತದೆ ನೋಡಿ. 2023ರ ಏಪ್ರಿಲ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕೊನೆಯ ಎಸೆತಕ್ಕೆ ಆರ್‌ಸಿಬಿ ಸೋತಾಗ ಲಖನೌ ತಂಡದ ಮಾರ್ಗದರ್ಶಕ ಗೌತಮ್ ಗಂಭೀರ್ ತುಟಿಗೆ ಬೆರಳಿಟ್ಟು ಬೆಂಗಳೂರಿನ ಜನಕ್ಕೆ ಸುಮ್ಮನಿರಿ ಎಂದರು. ಮೇ 1ರಂದು ಲಖನೌನಲ್ಲಿ ಆರ್‌ಸಿಬಿಯ ಕೊಹ್ಲಿ ಬಡ್ಡಿ ಸಮೇತ ತೀರಿಸಿದರು. ಕೊನೆಗೆ ಇಬ್ಬರಿಗೂ ಪಂದ್ಯದ ಪೂರ್ತಿ ಸಂಭಾವನೆ ದಂಡ. ಆದರೆ ಆರ್‌ಸಿಬಿ ಗೆದ್ದ ಆ 18 ರನ್ ಅಂತರದಿಂದ ಒಂದು ರನ್ನೂ ಯಾರೂ ಕಳೆಯಲಿಲ್ಲ. ನಡತೆಯ ಲೆಕ್ಕ ಸಂಜೆ ಚುಕ್ತಾ ಆಯಿತು, ಆಟದ ಲೆಕ್ಕ ಆಟದಲ್ಲೇ ಉಳಿಯಿತು.

ಇದಕ್ಕೆ ಕೋಚ್‌ಗಳ ಉತ್ತರ ಸಿದ್ಧವಾಗಿದೆ: ದುಡ್ಡಿನ ದಂಡಕ್ಕೆ ಯಾರು ಹೆದರುತ್ತಾರೆ, ತಂಡಕ್ಕೆ ಪೆಟ್ಟು ಬಿದ್ದರೆ ಮಾತ್ರ ಹುಡುಗರು ಬಾಯಿ ಹಿಡಿಯುತ್ತಾರೆ. ಇರಬಹುದು. ಹಾಗಿದ್ದರೆ ಗಜಗಳ ದಂಡ ಇರಲಿ, ತಾನಾಗಿ ಒದಗುವ ಹೊಸ ನಾಲ್ಕು ಯತ್ನವನ್ನಾದರೂ ತೆಗೆಯಿರಿ. ಎರಡನೇ ಸಲ ಕೆಣಕಿದವನನ್ನು ಹೊರಗೆ ಕಳಿಸುವ ನಿಯಮ ಹೇಗೂ ಇದೆ. ಕೊರೆಂಟೆಯ ಆ ಬಟ್ಟೆ ಹಾರಿಯೂ ಸ್ಟೀಲರ್ಸ್‌ಗೆ ಹೊಸ ಯತ್ನಗಳು ಸಿಗದೇ ಹೋಗಿದ್ದರೆ ಇಷ್ಟು ರಂಪ ಆಗುತ್ತಿತ್ತೆಂದು ನನಗನ್ನಿಸುವುದಿಲ್ಲ. 1995ರಿಂದ ಲೀಗಿನ ಮೈದಾನಗಳಲ್ಲಿ ಓಡಾಡಿದ್ದ ಕೊರೆಂಟೆ ಆ ಋತು ಮುಗಿದ ಮೇಲೆ ನಿವೃತ್ತರಾದರು. ಅವರ ಹೆಸರು ಹುಡುಕಿದರೆ ಮೊದಲು ಎದುರಾಗುವುದು ಆ ಸೊಂಟ ತಾಕಿದ ತುಣುಕೇ.

ಈಗಿರುವ ನಿಯಮದಲ್ಲಿ ಅಪರಾಧದ ಬೆಲೆ ಕಟ್ಟುವುದು ಗಡಿಯಾರ. ಸಿಯಾಟಲ್‌ನ ಅದೇ ಗೋಲ್ಡನ್ ಟೇಟ್ 2013ರಲ್ಲಿ ಸೇಂಟ್ ಲೂಯಿ ತಂಡದ ವಿರುದ್ಧ 80 ಗಜದ ಟಚ್‌ಡೌನ್ ಓಡುವಾಗ, ಹಿಂದೆ ಬರುತ್ತಿದ್ದ ಎದುರಾಳಿಗೆ ತಿರುಗಿ ಟಾಟಾ ಮಾಡುತ್ತಲೇ ಕೊನೆಯ ಗಜಗಳನ್ನು ದಾಟಿದ. ಅದಕ್ಕಿಂತ ನಿಚ್ಚಳವಾದ ಕೆಣಕು ಸಿಗುವುದು ಕಷ್ಟ. ಬಟ್ಟೆ ಹಾರಿತು, ಟಚ್‌ಡೌನ್ ಉಳಿಯಿತು. 15 ಗಜ ಕಳೆದದ್ದು ಮುಂದಿನ ಆರಂಭದ ಒದೆತದಲ್ಲಿ. 2020ರ ನವೆಂಬರ್‌ನಲ್ಲಿ ಕ್ಯಾನ್ಸಸ್ ಸಿಟಿಯ ಟೈರೀಕ್ ಹಿಲ್ ಟ್ಯಾಂಪಾ ಬೇ ವಿರುದ್ಧ 269 ಗಜ ಗಳಿಸಿ, ಆಂಟೊನ್ ವಿನ್‌ಫೀಲ್ಡ್ ಜೂನಿಯರ್‌ಗೆ ಎರಡು ಬೆರಳು ತೋರಿಸಿ ಹಂಗಿಸಿದ್ದ. ಮರುವರ್ಷ ಫೆಬ್ರುವರಿ 7ರಂದು ಸೂಪರ್ ಬೌಲ್‌ನಲ್ಲಿ ಅದೇ ಇಬ್ಬರು ಎದುರಾದರು. ಟ್ಯಾಂಪಾ ಗೆಲುವು ಖಚಿತವಾಗಿದ್ದ ಹೊತ್ತಿನಲ್ಲಿ ಹಿಲ್‌ಗೆ ಬಂದ ಚೆಂಡನ್ನು ತಡೆದ ವಿನ್‌ಫೀಲ್ಡ್, ಎದ್ದು ಅವನ ಮುಖದ ಹತ್ತಿರಕ್ಕೆ ಹೋಗಿ ಅದೇ ಎರಡು ಬೆರಳು ತೋರಿಸಿದ. 15 ಗಜ ಹೋಯಿತು. ಟ್ಯಾಂಪಾ 31–9ರಿಂದ ಗೆದ್ದಿತು. ಅದು ನಾನು ಮಾಡಲೇಬೇಕಿದ್ದ ಕೆಲಸವಾಗಿತ್ತು ಎಂದು ವಿನ್‌ಫೀಲ್ಡ್ ಆಮೇಲೆ ಹೇಳಿದ. ಲೀಗ್ 7,815 ಡಾಲರ್ ದಂಡದ ಚೀಟಿ ಕಳಿಸಿತು. ಅಷ್ಟರಲ್ಲಿ ಹುಡುಗರು ಆ ಫೋಟೊ ಮುದ್ರಿಸಿದ ಅಂಗಿ ಮಾರುತ್ತಿದ್ದರೆ ನನಗೇನೂ ಆಶ್ಚರ್ಯವಿಲ್ಲ.